ಅಹವಾಲು ಹೊತ್ತವರ ಹಾದಿ

ದೊರೆಯ ಮೇಲೆಯೇ ದೂರಿದ್ದರೆ ಅದನ್ನು ಯಾರ ಬಳಿ ಹೇಳಿಕೊಳ್ಳಬೇಕು? ವಿಶ್ವಸಂಸ್ಥೆ ಸ್ಥಾಪನೆಯಾದ ಮೇಲೆ, ದೊರೆಗಿಂತ ಹಿರಿದಾದ ಸಭೆಯೊಂದು ಉಂಟೆಂಬ ನಂಬಿಕೆ ದೂರದೂರದ ಜನರಲ್ಲಿ ಮೂಡಿತು. ಆದರೆ ಸಭೆ ಇದ್ದರೆ ಸಾಲದು, ಅಲ್ಲಿಗೆ ಹೋಗುವ ದಾರಿಯೂ ತೆರೆದಿರಬೇಕು. ಈ ದಾರಿಯ ಚರಿತ್ರೆಯನ್ನು ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ತಂಗುವುದು ನೈರುತ್ಯ ಆಫ್ರಿಕದ, ಎಂದರೆ ಇಂದಿನ ನಮೀಬಿಯದ, ಹೊಸೆಯಾ ಕುಟಾಕೊ ಅವರ ಬಳಿ.

ಕುಟಾಕೊ ಹೆರೆರೋ ಜನಾಂಗದ ಮುಖಂಡರು. 1904ರಿಂದ 1908ರವರೆಗೆ ಜರ್ಮನ್ ಸೇನೆ ಆ ಜನಾಂಗದ ಬಹುಪಾಲನ್ನು ಅಳಿಸಿಹಾಕಿತ್ತು. ಅಳಿದುಳಿದವರು ಮೊದಲ ಮಹಾಯುದ್ಧದ ಬಳಿಕ ದಕ್ಷಿಣ ಆಫ್ರಿಕದ ಆಡಳಿತಕ್ಕೆ ಒಳಗಾದರು. 1946ರಲ್ಲಿ ಆ ಸರ್ಕಾರ ಈ ನಾಡನ್ನು ತನ್ನಲ್ಲಿ ವಿಲೀನಗೊಳಿಸಿಕೊಳ್ಳಲು ವಿಶ್ವಸಂಸ್ಥೆಯ ಒಪ್ಪಿಗೆ ಕೇಳಿತು. ಅಲ್ಲಿಯ ಜನರಿಗೂ ಇದು ಸಮ್ಮತವೆಂದಿತು. ಸಮ್ಮತವಲ್ಲವೆಂದು ಹೇಳಲು ಹೆರೆರೋ ಮುಖಂಡರು ಹೊರಟರೆ ಅವರಿಗೆ ಪಾಸ್‌ಪೋರ್ಟೇ ದೊರೆಯಲಿಲ್ಲ. ಸೆರೆಮನೆ ಬೇಡ, ಸಂಕೋಲೆ ಬೇಡ. ಒಂದು ಕಾಗದವನ್ನು ಕೊಡದಿದ್ದರೆ ಸಾಕು, ಒಂದು ಜನಾಂಗದ ಬಾಯಿ ಕಟ್ಟಿದಂತೆ.

ಆಗ ಅವರ ದನಿಯಾದವರು ಮೈಕೆಲ್ ಸ್ಕಾಟ್ ಎಂಬ ಆಂಗ್ಲ ಪಾದ್ರಿ. ಈ ಹೆಸರು ನಮಗೆ ಅಪರಿಚಿತವಾಗಿರಬಾರದು. 1946ರಲ್ಲಿ ಡರ್ಬನ್ನಿನ ಭಾರತೀಯರು ನಡೆಸಿದ ಸತ್ಯಾಗ್ರಹವನ್ನು ಸೇರಿ ಸೆರೆವಾಸ ಅನುಭವಿಸಿದವರು ಅವರು. 1949ರ ನವೆಂಬರಿನಲ್ಲಿ, ದಕ್ಷಿಣ ಆಫ್ರಿಕದ ಪ್ರತಿಭಟನೆಯ ನಡುವೆಯೂ, ಅವರು ವಿಶ್ವಸಂಸ್ಥೆಯ ನಾಲ್ಕನೆಯ ಸಮಿತಿಯ ಮುಂದೆ ಹೆರೆರೋ ಜನರ ಅಹವಾಲನ್ನು ಮಂಡಿಸಿದರು. ಫಲ? ದಕ್ಷಿಣ ಆಫ್ರಿಕದ ಬಾಗಿಲು ಅವರಿಗೆ ಮುಚ್ಚಿತು. ಅಹವಾಲುದಾರರನ್ನು ಎದುರಿಗೆ ಕರೆದು ಕೇಳಬಹುದೇ ಎಂಬ ಪ್ರಶ್ನೆ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಯಿತು. ಕೇಳಬಹುದೆಂದು ಅದು 1956ರಲ್ಲಿ ಅಭಿಪ್ರಾಯವಿತ್ತಿತು. ಕೇಳುವ ಅಧಿಕಾರವೇನೋ ಸ್ಥಿರವಾಯಿತು, ಹೇಳಿದವರ ಗತಿ?

ಅದಕ್ಕೆ ಉತ್ತರ ಬರಲು ಬಹಳ ಕಾಲ ಹಿಡಿಯಿತು. ತನ್ನೊಡನೆ ಸಹಕರಿಸಿದವರ ಮೇಲೆ ಸೇಡು ತೀರಿಸಿಕೊಳ್ಳಬಾರದೆಂದು ಮಾನವ ಹಕ್ಕುಗಳ ಆಯೋಗ ಸರ್ಕಾರಗಳಿಗೆ ಹೇಳಿದ್ದು 1990ರ ಮಾರ್ಚಿನಲ್ಲಿ. ನಮೀಬಿಯ ಸ್ವತಂತ್ರವಾದದ್ದೂ ಅದೇ ತಿಂಗಳು. (ಅಲ್ಲಿಯ ಪ್ರಧಾನ ವಿಮಾನ ನಿಲ್ದಾಣಕ್ಕೆ ಇಂದು ಕುಟಾಕೊ ಅವರ ಹೆಸರಿದೆ, ಪಾಸ್‌ಪೋರ್ಟ್ ದೊರೆಯದವರ ಹೆಸರು!) ಅಂತಾರಾಷ್ಟ್ರೀಯ ಸಂಸ್ಥೆಗಳನ್ನು ಅಡೆತಡೆಯಿಲ್ಲದೆ ಸಂಪರ್ಕಿಸುವುದು ಹಕ್ಕೆಂದು 1998ರಲ್ಲಿ ಮಹಾಸಭೆಯೇ ಘೋಷಿಸಿತು. ಆದರೆ ಘೋಷಣೆಗೆ ಕಾವಲುಗಾರರಿಲ್ಲ. ನಮ್ಮ ಕಾಲದ್ದೇ ಒಂದು ನಿದರ್ಶನವನ್ನು ಹೇಳುತ್ತೇನೆ.

2013ರ ಸೆಪ್ಟೆಂಬರ್ 14ರಂದು, ಜಿನೀವಕ್ಕೆ ಹೊರಟಿದ್ದ ತ್ಸಾವ್ ಶುನ್‌ಲಿ ಎಂಬ ಮಹಿಳೆಯನ್ನು ಬೀಜಿಂಗಿನ ವಿಮಾನ ನಿಲ್ದಾಣದಲ್ಲಿ ತಡೆದು ಬಂಧಿಸಿದರು. ಮಾನವ ಹಕ್ಕುಗಳ ಸ್ಥಿತಿಯನ್ನು ಕುರಿತು ಚೀನ ಸರ್ಕಾರ ವಿಶ್ವಸಂಸ್ಥೆಗೆ ಒಪ್ಪಿಸುವ ವರದಿಯ ರಚನೆಯಲ್ಲಿ ಪ್ರಜೆಗಳಿಗೂ ಪಾಲಿರಲಿ ಎಂಬುದು ಅವರ ಒತ್ತಾಯವಾಗಿತ್ತು. ಬಂಧನದಲ್ಲಿ ಅವರ ರೋಗ ಉಲ್ಬಣಿಸಿತು. ತಕ್ಕ ಚಿಕಿತ್ಸೆ ಕೊಡಲಿಲ್ಲವೆಂದು ಬಂಧುಗಳು ದೂರಿದರು, ಸರ್ಕಾರ ಅಲ್ಲಗಳೆಯಿತು. 2014ರ ಮಾರ್ಚ್ 14ರಂದು ಅವರು ತೀರಿಕೊಂಡರು.

ಆರು ದಿನಗಳ ಬಳಿಕ, ಜಿನೀವದ ಮಾನವ ಹಕ್ಕುಗಳ ಮಂಡಳಿಯಲ್ಲಿ, ಸರ್ಕಾರೇತರ ಸಂಸ್ಥೆಯೊಂದು ತನ್ನ ಮಾತಿನ ಸರದಿಯಲ್ಲಿ ಅವರಿಗಾಗಿ ಮೌನ ಆಚರಿಸಬಯಸಿತು. ಚೀನ ಆಕ್ಷೇಪಿಸಿತು. ಮಾತಿಗೆಂದು ಕೊಟ್ಟ ಹೊತ್ತಿನಲ್ಲಿ ಮೌನವಾಗಿರಬಹುದೇ ಎಂದು ದೀರ್ಘ ಚರ್ಚೆ ನಡೆದು, ಮತದಾನವಾಗಿ, ಮೌನ ಸೋತಿತು. ಸಭಾಂಗಣದಲ್ಲಿದ್ದ ಕೆಲವರು ಆಕೆಯ ಭಾವಚಿತ್ರ ಹಿಡಿದು ಎದ್ದು ನಿಂತರು.