ಜಠರದ ವಿದ್ಯುತ್ ಪ್ರಚೋದನೆ: ಇತಿಹಾಸ

ಜಠರದ ಸ್ನಾಯುಗಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸಿ ಅದರ ಚಲನೆಯನ್ನೋ, ವಾಕರಿಕೆ ವಾಂತಿಗಳನ್ನೋ ಹತೋಟಿಗೆ ತರುವ ಚಿಕಿತ್ಸೆ. ಯಾವುದೇ ಅಡ್ಡಿಯಿಲ್ಲದಿದ್ದರೂ ಹೊಟ್ಟೆ ಖಾಲಿಯಾಗಲು ವಿಪರೀತ ಹೊತ್ತು ಹಿಡಿಯುವ ಗ್ಯಾಸ್ಟ್ರೋಪರೆಸಿಸ್ ಕಾಯಿಲೆಗೆ ಇದನ್ನು ಮುಖ್ಯವಾಗಿ ಬಳಸುತ್ತಾರೆ. ದೀರ್ಘಕಾಲದ ಸಕ್ಕರೆ ಕಾಯಿಲೆ ಗ್ಯಾಸ್ಟ್ರೋಪರೆಸಿಸ್‌ನ ಪ್ರಮುಖ ಕಾರಣಗಳಲ್ಲೊಂದು. ಒಳಗೆ ಅಳವಡಿಸಿದ ಯಂತ್ರ ಆಹಾರವನ್ನು ಕೆಳಕ್ಕೆ ತಳ್ಳುತ್ತದೆ ಎಂಬ ವಿವರಣೆ ಜನಪ್ರಿಯ ಬರಹಗಳಲ್ಲಿ ಹಬ್ಬಿದೆ. ಅದು ಸರಿಯಲ್ಲ. ಎರಡು ಬೇರೆ ಬೇರೆ ವಿಧಾನಗಳು ಬೆರೆತುಹೋಗಿದ್ದರಿಂದ ಈ ಗೊಂದಲ ಹುಟ್ಟಿದೆ.

ಮನುಷ್ಯನ ಜಠರದಲ್ಲಿ ನಿಮಿಷಕ್ಕೆ ಸುಮಾರು 3 ವಿದ್ಯುತ್ ಅಲೆಗಳು ಏಳುತ್ತವೆ. ವೈದ್ಯ ವಾಲ್ಟರ್ ಅಲ್ವಾರೆಜ್ 1921ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇವುಗಳನ್ನು ಹೊಟ್ಟೆಯ ಚರ್ಮದ ಮೇಲಿನಿಂದಲೇ ದಾಖಲಿಸಿದರು. ಅವರು ಆರಿಸಿಕೊಂಡ ವೃದ್ಧೆಯ ಹೊಟ್ಟೆಯ ಗೋಡೆ ಎಷ್ಟು ತೆಳುವಾಗಿತ್ತೆಂದರೆ, ಜಠರ ಸಂಕುಚಿಸುವುದು ಬರಿಗಣ್ಣಿಗೇ ಕಾಣುತ್ತಿತ್ತು. ಈ ಅಲೆಗಳನ್ನು ಹುಟ್ಟಿಸುವವು ಕಹಾಲ್ ಕೋಶಗಳು ಎಂಬುದು ಖಚಿತವಾದದ್ದು ಬಹಳ ತಡವಾಗಿ, 1990ರ ದಶಕದಲ್ಲಿ.

ಚಿಕಿತ್ಸೆಯ ಮೊದಲ ಗಂಭೀರ ಯತ್ನ ನಡೆದದ್ದು ಹೃದಯದ ಪೇಸ್‌ಮೇಕರ್ ಬೆಳೆದ ಮಿನ್ನೆಸೋಟಾದಲ್ಲೇ. ಬಿಲ್ಗುಟೈ ಮತ್ತು ಸಂಗಡಿಗರು 1963ರಲ್ಲಿ, ಮೂಗಿನ ಮೂಲಕ ಇಳಿಸಿದ ನಳಿಕೆಯ ತುದಿಯಿಂದ ವಿದ್ಯುತ್ ಕೊಟ್ಟು, ಶಸ್ತ್ರಚಿಕಿತ್ಸೆಯ ನಂತರ ಸ್ತಬ್ಧವಾದ ಕರುಳನ್ನು ಎಚ್ಚರಿಸಬಹುದು ಎಂದು ವರದಿ ಮಾಡಿದರು. ತಂಡದಲ್ಲಿ ಹೃದಯ ಶಸ್ತ್ರಚಿಕಿತ್ಸಕ ವಾಲ್ಟನ್ ಲಿಲ್ಲೆಹೈ ಕೂಡ ಇದ್ದರು. ವರದಿ ಹುಟ್ಟಿಸಿದ ಉತ್ಸಾಹ ಹೆಚ್ಚು ಕಾಲ ಬಾಳಲಿಲ್ಲ. ಎರಡೇ ವರ್ಷದಲ್ಲಿ, ಚಿಕಿತ್ಸೆ ಪಡೆದವರನ್ನು ಪಡೆಯದವರೊಂದಿಗೆ ಹೋಲಿಸಿ ನೋಡಿದಾಗ ಲಾಭ ಕಾಣಲಿಲ್ಲ.

ಮುಂದೆ ದಾರಿ ಎರಡಾಯಿತು. ಮೊದಲನೆಯದು ಜಠರದ ಸ್ವಂತ ಲಯವನ್ನೇ ಹಿಡಿದು ನಡೆಸುವುದು. ಕೀತ್ ಕೆಲ್ಲಿ 1972ರಲ್ಲಿ ನಾಯಿಗಳಲ್ಲಿ ಇದನ್ನು ತೋರಿಸಿದರು. ರಿಚರ್ಡ್ ಮೆಕಲಮ್ ತಂಡ 1998ರಲ್ಲಿ 9 ರೋಗಿಗಳಲ್ಲಿ ಜಠರ ಬೇಗ ಖಾಲಿಯಾದದ್ದನ್ನು ದಾಖಲಿಸಿತು. ಆದರೆ ಇದಕ್ಕೆ ಬೇಕಾದ ದೀರ್ಘ ಸ್ಪಂದಗಳು ತುಂಬ ಶಕ್ತಿ ಬೇಡುತ್ತವೆ. ದೇಹದೊಳಗಿನ ಪುಟ್ಟ ಬ್ಯಾಟರಿಗೆ ಅದು ಭಾರ. ಎರಡನೆಯ ದಾರಿಯಲ್ಲಿ ಸ್ಪಂದಗಳು ತೀರ ಕಿರಿದು, ಆವರ್ತನ ಹೆಚ್ಚು. ಜಠರದ ದೊಡ್ಡ ಬಾಗಿನಲ್ಲಿ, ಕೆಳಬಾಯಿಯಿಂದ ಸುಮಾರು 10 ಸೆಂ.ಮೀ. ಮೇಲೆ ಎರಡು ತಂತಿಗಳನ್ನು ಸ್ನಾಯುವಿಗೆ ಹೊಲಿದು, ಹೊಟ್ಟೆಯ ಚರ್ಮದಡಿ ಯಂತ್ರವನ್ನು ಇರಿಸುತ್ತಾರೆ. ಸಾಮಾನ್ಯ ಹೊಂದಾಣಿಕೆಯಲ್ಲಿ ಅದು 5 ಮಿಲಿಆಂಪಿಯರ್ ವಿದ್ಯುತ್ತನ್ನು ಸೆಕೆಂಡಿನ ಹತ್ತನೇ ಒಂದು ಭಾಗ ಕೊಟ್ಟು 5 ಸೆಕೆಂಡು ಸುಮ್ಮನಿರುತ್ತದೆ. ಮೆಡ್‌ಟ್ರಾನಿಕ್ ಕಂಪನಿ ಮಾರುಕಟ್ಟೆಗೆ ತಂದ ಎಂಟೆರಾ ಈ ಬಗೆಯದು.

ಇತಿಹಾಸದ ನಿಜವಾದ ತಿರುವು 2000ದ ಮಾರ್ಚ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಎಂಟೆರಾಕ್ಕೆ ಮಾನವೀಯ ನೆಲೆಯ ವಿನಾಯಿತಿ ಕೊಟ್ಟಿತು. ಯಂತ್ರ ಸುರಕ್ಷಿತ, ಪ್ರಯೋಜನವಾಗುವ ಸಂಭವವಿದೆ ಎಂಬುದಷ್ಟೇ ಇದಕ್ಕೆ ಸಾಕು. ಪರಿಣಾಮ ಪೂರ್ಣವಾಗಿ ರುಜುವಾತಾಗಬೇಕಿಲ್ಲ. ವಿವಾದದ ಬೇರು ಇಲ್ಲಿದೆ. 2003ರಲ್ಲಿ ಪ್ರಕಟವಾದ 33 ರೋಗಿಗಳ ಅಧ್ಯಯನದಲ್ಲಿ ಯಂತ್ರ ಚಾಲೂ ಇದ್ದ ತಿಂಗಳು ವಾಂತಿ ಕಡಿಮೆಯಾಯಿತು. 2010ರ ಅಧ್ಯಯನದಲ್ಲಿ 55 ಮಧುಮೇಹಿಗಳಿಗೆ ಮೊದಲ ಆರು ವಾರ ವಾಂತಿ ಇಳಿಯಿತಾದರೂ, ನಂತರ ಗುಟ್ಟಾಗಿ ಚಾಲೂ ಮಾಡಿ, ನಿಲ್ಲಿಸಿ ಹೋಲಿಸಿದಾಗ ವ್ಯತ್ಯಾಸ ಸಿಗಲಿಲ್ಲ. ಮೊದಲ ವಾರಗಳ ಪರಿಣಾಮ ಉಳಿದಿತ್ತೆ, ಅಥವಾ ಅದು ಬರೀ ನಂಬಿಕೆಯ ಫಲವೆ ಎಂಬ ಚರ್ಚೆ ಮುಗಿದಿಲ್ಲ. ಫ್ರಾನ್ಸ್‌ನಲ್ಲಿ 172 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಹೆಚ್ಚು ತೂಕದ್ದು. ವಾಂತಿ ತಗ್ಗಿತು, ಆದರೆ ಜಠರ ಖಾಲಿಯಾಗುವ ವೇಗ ಬದಲಾಗಲಿಲ್ಲ; ಬದುಕಿನ ಗುಣಮಟ್ಟವೂ ಸುಧಾರಿಸಲಿಲ್ಲ. ವೇಗ ಸಹಜವಾಗಿಯೇ ಇದ್ದವರಿಗೂ ವಾಂತಿ ಇಳಿಯಿತು. ಯಂತ್ರ ಜಠರವನ್ನು ತಳ್ಳುವುದಕ್ಕಿಂತ ನರಗಳ ಮೂಲಕ ಕೆಲಸ ಮಾಡುತ್ತದೆ ಎಂಬ ವಾದಕ್ಕೆ ಇದು ಬಲವಾದ ಆಧಾರ.

ಜಠರದ ವಿದ್ಯುತ್ ಪ್ರಚೋದನೆಯಿಂದ ಬೊಜ್ಜು ಕರಗಿಸಲು ಇಟಲಿಯ ವಲೇರಿಯೋ ಚಿಗಾಯ್ನಾ 1990ರ ದಶಕದಲ್ಲಿ ಆರಂಭಿಸಿದ ಪ್ರಯೋಗಗಳು ದೊಡ್ಡ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಕಾಯಿಲೆಯ ಪತ್ತೆಗಾಗಿ ಜಠರ ಖಾಲಿಯಾಗುವ ವೇಗ ಅಳೆಯಲು ವಿಕಿರಣಶೀಲ ಟೆಕ್ನೀಷಿಯಂ ಬೆರೆಸಿದ ಆಹಾರ ತಿನ್ನಿಸಿ 4 ಗಂಟೆ ಕಾಲ ಚಿತ್ರ ತೆಗೆಯುತ್ತಾರೆ. ವಿದೇಶಗಳಲ್ಲಿ ಮೊಟ್ಟೆ ಕೊಟ್ಟರೆ, ಭಾರತದ ಕೆಲವು ಕೇಂದ್ರಗಳಲ್ಲಿ ಇಡ್ಲಿ ಕೊಡುತ್ತಾರೆ. 4 ಗಂಟೆಯ ಬಳಿಕವೂ ಮೊಟ್ಟೆಯ ಊಟದ ಶೇ. 10ಕ್ಕಿಂತ ಹೆಚ್ಚು ಭಾಗ ಉಳಿದಿದ್ದರೆ ವಿಳಂಬವೆಂದು ಲೆಕ್ಕ. ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ 2022ರ ಮಾರ್ಗಸೂಚಿಯು ವಿದ್ಯುತ್ ಪ್ರಚೋದನೆಯ ಯಂತ್ರವನ್ನು ಮಾನವೀಯ ವಿನಾಯಿತಿಯಡಿ ಪರಿಗಣಿಸಬಹುದಾದ ಚಿಕಿತ್ಸೆಯಾಗಿ ಮಾತ್ರ ಹೆಸರಿಸುತ್ತದೆ.