ಹಿತ್ತಿಲ ಕೋಳಿಗಳ ಮೇಲುಕೀಳು ಮತ್ತು ಹೊಸ ಹುಂಜ



ಹಿತ್ತಿಲಲ್ಲಿ ರಾಗಿ ಚೆಲ್ಲಿದರೆ ಯಾವ ಕೋಳಿ ಮೊದಲು ಮುನ್ನುಗ್ಗುತ್ತದೆ, ಯಾವುದು ಗೋಡೆ ಪಕ್ಕ ಕಾಯುತ್ತ ನಿಲ್ಲುತ್ತದೆ ಎಂಬುದು ಮನೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಇದನ್ನೇ ಕೂತು ನೋಡಿ ಶಾಸ್ತ್ರ ಮಾಡಿದವನು ನಾರ್ವೆ ದೇಶದ ಒಬ್ಬ ಹುಡುಗ.

ಅವನ ಹೆಸರು ಥೋರ್ಲೀಫ್ ಷೆಲ್ಡೆರಪ್ ಎಬ್ಬೆ. ನಾಲಿಗೆ ತಿರುಗುವುದು ಕಷ್ಟವೇ, ಇರಲಿ. 1894ರಲ್ಲಿ, ಈಗ ಓಸ್ಲೊ ಎನ್ನುವ ಪಟ್ಟಣದಲ್ಲಿ ಹುಟ್ಟಿದವನು. ಚಿಕ್ಕಂದಿನಿಂದಲೇ ಕೋಳಿಗಳ ಹುಚ್ಚು. ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತು ಹಿಡಿದು, ಯಾವುದು ಯಾವುದನ್ನು ಕುಕ್ಕಿತು, ಯಾವುದು ಜಾಗ ಬಿಟ್ಟು ಸರಿಯಿತು ಎಂದು ಲೆಕ್ಕ ಇಡುತ್ತಿದ್ದ. ದೊಡ್ಡವನಾದ ಮೇಲೆ, 1922ರಲ್ಲಿ, ಇದನ್ನು ಜರ್ಮನ್ ಭಾಷೆಯಲ್ಲಿ ಅಚ್ಚು ಹಾಕಿಸಿದ. ಮೇಲಿನ ಕೋಳಿ ಕೆಳಗಿನದನ್ನು ಕುಕ್ಕುತ್ತದೆ, ಅದು ತಿರುಗಿ ಕುಕ್ಕುವುದಿಲ್ಲ. ಇನ್ನೊಂದು ತಮಾಷೆಯನ್ನೂ ಅವನು ಕಂಡ. ಕೆಲವು ಹಿಂಡಿನಲ್ಲಿ ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಕುಕ್ಕಿದರೆ, ಆ ಮೂರನೆಯದೇ ಮೊದಲನೆಯದನ್ನು ಕುಕ್ಕುತ್ತಿತ್ತು! ನಮ್ಮ ಊರ ಪಂಚಾಯಿತಿಯಲ್ಲೂ ಇಂಥದು ಕಂಡವರಿದ್ದಾರು.

ಮುಂದೆ 1944ರಲ್ಲಿ ಅಮೆರಿಕದ ಗೂಲ್ ಮತ್ತು ಆಲೀ ಎಂಬುವರು, ಕೋಳಿಗಳನ್ನು ಆಗಾಗ ಅದಲುಬದಲು ಮಾಡಿದ ಹಿಂಡನ್ನೂ ಮಾಡದ ಹಿಂಡನ್ನೂ ಹೋಲಿಸಿ ನೋಡಿದರು. ಅದಲುಬದಲಾದ ಹಿಂಡಿನಲ್ಲಿ ಜಗಳ ಹೆಚ್ಚು, ಮೇವು ತಿನ್ನುವುದು ಕಡಿಮೆ, ಮೊಟ್ಟೆಯೂ ಕಡಿಮೆ.

ನಮ್ಮ ದೇಶದಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ (1956-61) ನಾಟಿ ತಳಿ ಸುಧಾರಿಸಲು ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್ ಹುಂಜಗಳು ಹಳ್ಳಿಗಳಿಗೆ ಬಂದವು. ಲೆಗ್‌ಹಾರ್ನ್ ರಕ್ತ ಹೆಚ್ಚಾದ ಕೋಳಿ ಕಾವಿಗೆ ಕೂರುವುದು ಕಡಿಮೆ, ಅದು ನಮ್ಮ ತಾಯಂದಿರಿಗೆ ಹಿಡಿಸಲಿಲ್ಲ. ಆದರೆ ಹೊರಗಿನ ಹುಂಜ ಬೇಕೆಂಬ ಮಾತು ಸರಿಯೇ. ಹಿಂಡಿನಲ್ಲೇ ಹುಟ್ಟಿದ ಹುಂಜ ತನ್ನ ಅಕ್ಕತಂಗಿಯರನ್ನೇ ಕೂಡಿದರೆ ಮರಿಗಳ ಕಸುವು ಕುಂದುತ್ತದೆ.

ಇಷ್ಟೆಲ್ಲ ಓದಿಯೂ ನಾನೊಮ್ಮೆ ಎಡವಿದೆ. ಒಬ್ಬ ಅಜ್ಜಿಯ ಹುಂಜವನ್ನು ನಾಯಿ ಹಿಡಿದಿತ್ತು. ಕಾವಿಗಿಟ್ಟ ಮೊಟ್ಟೆಯೆಲ್ಲ ಬೊಳ್ಳು. ಮೊಮ್ಮಗಳ ಶಾಲೆ ಖರ್ಚಿಗೆ ಕೋಳಿಯೇ ಆಧಾರ. ನಾನು ಮೂರು ತಿಂಗಳ ಹುಂಜದ ಮರಿ ತಂದು, ಬೆಳಗ್ಗೆಯೇ ಏಳು ಕೋಳಿಗಳ ನಡುವೆ ಬಿಟ್ಟುಬಿಟ್ಟೆ. ಎಳೆ ಹುಂಜಕ್ಕೆ ಬಲಿತ ಕೋಳಿಗಳೂ ಯಜಮಾನರೇ ಎಂಬುದನ್ನು ಮರೆತಿದ್ದೆ. ಸಂಜೆಗೆ ಜುಟ್ಟೆಲ್ಲ ರಕ್ತ. ಸೌದೆ ಒಟ್ಟಿಲ ಹಿಂದೆ ಅವಿತಿದ್ದದ್ದು ಮೂರನೇ ದಿನ ಸತ್ತಿತು. ಅಜ್ಜಿ ಬೈಯಲಿಲ್ಲ. "ಹೊಸ ಸೊಸೆಗೆ ಬಂದ ದಿನವೇ ಒಲೆ ಬಿಟ್ಟುಕೊಡ್ತಾರಾ ಸಾಮಿ?" ಎಂದಳು, ಅಷ್ಟೆ.

ಎರಡನೇ ಸಲ ಆರು ತಿಂಗಳು ತುಂಬಿದ, ಕೊಕ್ಕರೆ ರೋಗದ ಲಸಿಕೆ ಹಾಕಿದ ಹುಂಜ ತಂದೆ. ಮೊದಲು ಮೂರು ವಾರ ಬೇರೆ ಮನೆಯಲ್ಲೇ ಇಟ್ಟೆವು. ಹೊಸ ಕೋಳಿ ನೋಡಲು ಚೆನ್ನಾಗಿದ್ದರೂ ರೋಗ ಹೊತ್ತು ತರಬಹುದು. ಆಮೇಲೆ ಒಂದು ವಾರ ಅಜ್ಜಿಯ ಹಿತ್ತಿಲಲ್ಲೇ, ಬಿದಿರಿನ ಪಂಜರದಲ್ಲಿ. ಕೋಳಿಗಳು ಸುತ್ತ ತಿರುಗಿ ನೋಡಬೇಕು, ಮುಟ್ಟಕೂಡದು. ಎಂಟನೆಯ ದಿನ ಕತ್ತಲಾದ ಮೇಲೆ ಕೋಳಿಗಳು ಗೂಡಿನಲ್ಲಿ ಕೂತಿದ್ದಾಗ ಮೆಲ್ಲಗೆ ಪಕ್ಕಕ್ಕೆ ಬಿಟ್ಟೆವು. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ಕಡಿಮೆ, ಜಗಳ ಹೂಡದು. ಬೆಳಗ್ಗೆ ಕಾಳನ್ನೂ ನೀರನ್ನೂ ಎರಡು ಮೂರು ಕಡೆ ಇಟ್ಟೆವು. ನಾಲ್ಕು ಕುಕ್ಕು ಬಿತ್ತು, ನಿಜ. ಗರಿ ಹಾರಿದರೆ ನೋಡುತ್ತಿರಿ, ರಕ್ತ ಕಂಡರೆ ಆ ಕ್ಷಣವೇ ಬೇರೆ ಮಾಡಿ. ಕೋಳಿಗಳು ಒಂದರ ಗಾಯವನ್ನು ಇನ್ನೊಂದು ಕೆದಕುತ್ತವೆ.

ಹಳೆ ಹುಂಜ ಇರುವ ಮನೆಯಲ್ಲಿ ಸಂಗತಿ ಬೇರೆ. ಎಂಟು ಹತ್ತು ಕೋಳಿಗೆ ಒಂದು ಹುಂಜ ಸಾಕು. ಇಕ್ಕಟ್ಟಾದ ಹಿತ್ತಿಲಲ್ಲಿ ಎರಡನ್ನೂ ಇಟ್ಟುಕೊಳ್ಳುವ ಆಸೆ ಬೇಡ.

ಅಜ್ಜಿಯ ಹಿತ್ತಿಲಲ್ಲಿ ನಾಲ್ಕಾರು ದಿನಕ್ಕೆ ಹುಂಜ ತಿಪ್ಪೆ ಕೆದಕಿ ಕೋಳಿಗಳನ್ನು ಕೂಗಿ ಕರೆಯತೊಡಗಿತು. ಮುಂದಿನ ತಿಂಗಳು ಕಾವಿಗಿಟ್ಟ ಹನ್ನೊಂದು ಮೊಟ್ಟೆಯಲ್ಲಿ ಇಪ್ಪತ್ತೊಂದನೆಯ ದಿನ ಒಂಬತ್ತು ಮರಿ ಹೊರಬಂದವು.