ಅಂಟಾರ್ಕ್ಟಿಕದ ಉಪ್ಪು ಸರೋವರಗಳ ಡಯಾಟಮ್‌ಗಳು

ಡಯಾಟಮ್‌ಗಳು ಸಿಲಿಕಾ ಚಿಪ್ಪಿನೊಳಗೆ ಬಾಳುವ ಏಕಕೋಶ ಪಾಚಿಗಳು. ಡಬ್ಬಿ ಮತ್ತು ಮುಚ್ಚಳದಂತೆ ಒಂದರೊಳಗೊಂದು ಕೂರುವ ಎರಡು ಹೋಳುಗಳೇ ಈ ಚಿಪ್ಪು. ಜೀವಿ ಸತ್ತ ಮೇಲೂ ಚಿಪ್ಪು ಕೆಸರಿನಲ್ಲಿ ಉಳಿಯುತ್ತದೆ. ಅದರ ಮೇಲಿನ ಗೀರು, ರಂಧ್ರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಭೇದವನ್ನು ಗುರುತಿಸುತ್ತಾರೆ.

ಅಂಟಾರ್ಕ್ಟಿಕದ ಡಯಾಟಮ್‌ಗಳ ಅಧ್ಯಯನ ಕಡಲಿನಿಂದ ಆರಂಭವಾಯಿತು. ಜೇಮ್ಸ್ ಕ್ಲಾರ್ಕ್ ರಾಸ್‌ನ ಯಾನದಲ್ಲಿ (1839–43) ಜೋಸೆಫ್ ಹೂಕರ್ ಸಂಗ್ರಹಿಸಿದ ಮಾದರಿಗಳನ್ನು ಬರ್ಲಿನ್‌ನಲ್ಲಿ ಎಹ್ರೆನ್‌ಬರ್ಗ್ ಪರೀಕ್ಷಿಸಿ, 1844ರಲ್ಲಿ ವಿವರಣೆ ಪ್ರಕಟಿಸಿದ. ಸರೋವರಗಳ ಸರದಿ ಬಂದದ್ದು ಶ್ಯಾಕಲ್‌ಟನ್‌ನ ಯಾನದಲ್ಲಿ (1907–09). ಜೇಮ್ಸ್ ಮರ್ರೆ ರಾಸ್ ದ್ವೀಪದ ಕೇಪ್ ರಾಯ್ಡ್ಸ್‌ನಲ್ಲಿ ಕಲೆಹಾಕಿದ ಪಾಚಿಗಳನ್ನು ವಿಲಿಯಂ ವೆಸ್ಟ್ ಮತ್ತು ಅವರ ಮಗ ಜಿ. ಎಸ್. ವೆಸ್ಟ್ 1911ರಲ್ಲಿ ವಿವರಿಸಿದರು.

ಉಪ್ಪು ಸರೋವರಗಳ ಅಧ್ಯಯನಕ್ಕೆ ನೆಲೆ ಒದಗಿಸಿದ್ದು ಪೂರ್ವ ಅಂಟಾರ್ಕ್ಟಿಕದ ವೆಸ್ಟ್‌ಫೋಲ್ಡ್ ಬೆಟ್ಟಗಳು. ಆಸ್ಟ್ರೇಲಿಯ 1957ರಲ್ಲಿ ಇಲ್ಲಿ ಡೇವಿಸ್ ಕೇಂದ್ರವನ್ನು ತೆರೆಯಿತು. ಇಲ್ಲಿನ ಸರೋವರಗಳು ಹುಟ್ಟಿದ್ದು ಹೀಗೆ: ಹಿಮದ ಹೊರೆ ಇಳಿದಂತೆ ನೆಲ ಮೇಲೆದ್ದು, ತಗ್ಗುಗಳಲ್ಲಿ ಕಡಲ ನೀರು ಸಿಕ್ಕಿಕೊಂಡಿತು. ಕೆಲವು ಸರೋವರಗಳು ಆವಿಯಾಗಿ ಇನ್ನಷ್ಟು ಉಪ್ಪಾದವು. ಕೆಲವಕ್ಕೆ ಕರಗಿದ ಹಿಮದ ನೀರು ಸೇರಿ ಉಪ್ಪು ತಗ್ಗಿತು. ಡೀಪ್ ಲೇಕ್‌ನ ನೀರು ಕಡಲಿಗಿಂತ ಸುಮಾರು ಹತ್ತು ಪಟ್ಟು ಉಪ್ಪಾದ್ದರಿಂದ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ.

ಉಪ್ಪು ಬದಲಾದಂತೆ ಡಯಾಟಮ್ ಪ್ರಭೇದಗಳೂ ಬದಲಾಗುತ್ತವೆ. ಡೋನಾ ರಾಬರ್ಟ್ಸ್ ಮತ್ತು ಆಂಡ್ರ್ಯೂ ಮೆಕ್‌ಮಿನ್ 1996ರಲ್ಲಿ ಇಲ್ಲಿನ ಉಪ್ಪು ಸರೋವರಗಳ ಮೇಲ್ಪದರದ ಕೆಸರಿನ ಚಿಪ್ಪುಗಳನ್ನು ನೀರಿನ ಲವಣಾಂಶದೊಡನೆ ಹೋಲಿಸಿ, ಯಾವ ಪ್ರಭೇದಕ್ಕೆ ಎಷ್ಟು ಉಪ್ಪು ಒಗ್ಗುತ್ತದೆ ಎಂಬುದನ್ನು ಲೆಕ್ಕಹಾಕಿದರು. 1999ರಲ್ಲಿ ಇದೇ ಲೆಕ್ಕವನ್ನು ಇಲ್ಲಿನ ಏಸ್ ಲೇಕ್‌ನ ಕೆಸರಿಗೆ ಅನ್ವಯಿಸಿದರು. ಏಸ್ ಲೇಕ್‌ನ ತಳದ ನೀರಿನಲ್ಲಿ ಆಮ್ಲಜನಕವಿಲ್ಲ. ಕೆಸರನ್ನು ಕೆದಕುವ ಪ್ರಾಣಿಗಳಿಲ್ಲದೆ ಪದರಗಳು ಕದಡದೆ ಉಳಿದಿವೆ. ಸಿಹಿನೀರಿನ ಸರೋವರವಾಗಿದ್ದ ಅದು ಕಡಲ ಚಾಚಾಗಿ, ಬಳಿಕ ಮತ್ತೆ ಕಡಲಿನಿಂದ ಬೇರ್ಪಟ್ಟು ಉಪ್ಪು ಸರೋವರವಾಯಿತು ಎಂಬುದನ್ನು ಈ ಪದರಗಳೇ ತೋರಿಸುತ್ತವೆ.

ಹಳೆಯ ಪಟ್ಟಿಗಳಲ್ಲಿ ಎಷ್ಟೋ ಪ್ರಭೇದಗಳಿಗೆ ಯುರೋಪಿನ ಡಯಾಟಮ್‌ಗಳ ಹೆಸರೇ ಇತ್ತು. ಲಾರ್ಸ್‌ಮನ್ ಬೆಟ್ಟಗಳು ಮತ್ತು ರೌವರ್ ದ್ವೀಪಗಳ ಸರೋವರಗಳ ಬಗ್ಗೆ ಕೂನ್ ಸಾಬ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿನ ಪ್ರಭೇದಗಳಲ್ಲಿ ಗಣನೀಯ ಭಾಗ ಅಂಟಾರ್ಕ್ಟಿಕಕ್ಕೇ ಸೀಮಿತವೆಂದು ತೋರಿಸಿತು. ಎರಡು ಪ್ರಭೇದಗಳು ಒಂದೇ ಹೆಸರಿನಡಿ ಸೇರಿಹೋದರೆ ಲವಣಾಂಶದ ಲೆಕ್ಕವೂ ತಪ್ಪುವುದರಿಂದ, ಸರೋವರಗಳ ಇತಿಹಾಸ ತಿಳಿಯಲು ಪ್ರಭೇದಗಳ ನಾಮಕರಣವನ್ನು ಮೊದಲು ಸರಿಪಡಿಸಬೇಕಾಗುತ್ತದೆ.